ಮೊದಲು ನೀರು ಹಾಕಿ ನೋಡು

ಅವರ ಮಂಚದ ಕೆಳಗೆ ಯಾವಾಗಲೂ ಒಂದು ಜೊತೆ ದಪ್ಪ ಅಟ್ಟೆಯ ಬೂಟು ಇರುತ್ತಿತ್ತು. ಭೂಕಂಪವಾಗಿ ಕಿಟಕಿಯ ಗಾಜು ನೆಲಕ್ಕೆ ಬಿದ್ದರೆ ಬರಿಗಾಲಲ್ಲಿ ಓಡಬಾರದಲ್ಲ, ಅದಕ್ಕೆ. ಕೈಚೀಲದಲ್ಲಿ ಒಂದು ಸೀಟಿ ಇರುತ್ತಿತ್ತು. ಗೋಡೆ ಕುಸಿದು ಅಡಿಯಲ್ಲಿ ಸಿಕ್ಕಿಕೊಂಡರೆ ಕೂಗಿ ಗಂಟಲು ಒಣಗಿಸಿಕೊಳ್ಳುವ ಬದಲು ಅದನ್ನು ಊದಬಹುದು. ಲಿಫ್ಟಿಗೆ ಒಬ್ಬರೇ ಹತ್ತುತ್ತಿರಲಿಲ್ಲ. ಮನೆಯಿಂದ ಹೊರಟು ಬೀದಿಯ ತಿರುವಿನ ತನಕ ಬಂದವರು ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಹಿಂದಿರುಗುತ್ತಿದ್ದರು. ಒಲೆ ಆರಿಯೇ ಇರುತ್ತಿತ್ತು.

ಈ ವಸಂತದಲ್ಲಿ ಅವರು ತೀರಿಕೊಂಡ ಮೇಲೆ ಬರ್ಕ್ಲಿಯ ನಮ್ಮ ಲ್ಯಾಬಿನಲ್ಲಿ ಒಂದು ಚಿಕ್ಕ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಧೈರ್ಯವನ್ನು ಹೊಗಳಿದರು. ಯಾರಿಗೂ ಅಂಜದ ಹೆಂಗಸು ಎಂದು ನಮ್ಮ ಪ್ರೊಫೆಸರೂ ಹೇಳಿದರು. ನಾನು ಮಾತಾಡಲಿಲ್ಲ. ನಾಲ್ಕು ಜನರ ಎದುರು ನಿಂತು ಹೇಳುವುದು ನನಗೆ ಬರುವುದಿಲ್ಲ. ಆದರೆ ಅಲ್ಲಿದ್ದವರು ಹೇಳುತ್ತಿದ್ದುದು ನಾನು ಬಲ್ಲ ವ್ಯಕ್ತಿಯ ಬಗ್ಗೆ ಅಲ್ಲ ಅನ್ನಿಸಿತು. ನಾನು ಕಂಡವರಲ್ಲಿ ಅತಿ ಹೆಚ್ಚು ಹೆದರುತ್ತಿದ್ದವರು ಅವರು. ಆ ಹೆದರಿಕೆಯನ್ನು ಅವರು ಹೇಗೆ ನಡೆಸಿಕೊಂಡರು ಎಂಬುದೇ ನನಗೆ ಗೊತ್ತಿರುವ ವಿಷಯ.

ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿಯಲ್ಲಿರುವ ಅವರ ತಂಗಿ ಫೋನಿನಲ್ಲಿ 'ಆಪಾ' ಎಂದು ಕರೆಯುವುದು ಲ್ಯಾಬಿನ ತುಂಬ ಕೇಳಿಸುತ್ತಿತ್ತು. ಅಕ್ಕ ಎಂದು ಅರ್ಥ. ನಾನೂ ಹಾಗೇ ಕರೆದೆ. ಕ್ರಮೇಣ ಚೀನಾದ ಹುಡುಗರೂ ಜರ್ಮನಿಯ ಹುಡುಗಿಯೂ ಹಾಗೇ ಕರೆದರು. ಮೂವತ್ತು ವರ್ಷದ ಹಿಂದೆ ಗಂಡನ ಜೊತೆ ಈ ದೇಶಕ್ಕೆ ಬಂದವರು. ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬರ್ಕ್ಲಿಯ ಪಕ್ಕದ ಎಲ್ ಸೆರಿಟೊದಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ನಮ್ಮ ಲ್ಯಾಬಿನ ಮ್ಯಾನೇಜರು ಅವರು. ನಾನು ಮೈಸೂರಿನಿಂದ ಪಿಎಚ್.ಡಿ. ಮುಗಿಸಿ ಅಲ್ಲಿ ಸಂಶೋಧನೆಗೆ ಸೇರಿದವಳು.

ಮೊದಲ ದಿನ ನಾನು ನನ್ನ ಪರಿಚಯ ಹೇಳಿಕೊಂಡಾಗ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಏನವಾ, ನಿಮ್ಮ ಮೈಸೂರಿನ ಮಂದಿ ಮಾತಾಡಿದ್ರ ತಹಶೀಲ್ದಾರಗ ಅರ್ಜಿ ಓದಿದಂಗ ಇರ್ತೈತಿ. ಊಟ ಮಾಡಿಯೇನು?"

ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಊಟದ ಕೋಣೆಯ ಮೈಕ್ರೋವೇವಿನಲ್ಲಿ ರೊಟ್ಟಿ ಬಿಸಿ ಮಾಡುವುದು ಪಾಪ ಎಂದು ನಂಬಿದ್ದರು. ತಣ್ಣಗೇ ತಿನ್ನುತ್ತಿದ್ದರು.

ಲ್ಯಾಬಿನಲ್ಲಿ ಅವರದೊಂದು ಕಟ್ಟಳೆ ಇತ್ತು. ಎಷ್ಟೇ ದೊಡ್ಡವರಾಗಲಿ, ಎಷ್ಟೇ ಅವಸರವಿರಲಿ, ಹೊಸ ಪ್ರಯೋಗವನ್ನು ನೇರವಾಗಿ ರೋಗಿಯ ರಕ್ತದ ಮೇಲೋ ಅಂಗಾಂಶದ ಮೇಲೋ ಮಾಡುವಂತಿರಲಿಲ್ಲ. ಮೊದಲು ಅದೇ ನಳಿಕೆ, ಅದೇ ಯಂತ್ರ, ಅದೇ ಹೊತ್ತು. ಸ್ಯಾಂಪಲಿನ ಜಾಗದಲ್ಲಿ ಮಾತ್ರ ನೀರು. ಈ ಪರೀಕ್ಷೆಗೆ ನೀರಿನ ಓಟ ಎಂದು ಹೆಸರು. ಅದು ಸರಿಹೋದರೆ ಮುಂದಿನದು. ಸರಿಹೋಗದಿದ್ದರೆ ಸ್ಯಾಂಪಲ್ ಫ್ರೀಜರಿನಿಂದ ಹೊರಗೆ ಬರುವುದಿಲ್ಲ. "ಮೊದಲ ನೀರು ಹಾಕಿ ನೋಡು" ಎನ್ನುತ್ತಿದ್ದರು. ಆ ವಾಕ್ಯವನ್ನು ಜರ್ಮನಿಯ ಹುಡುಗಿಯೂ ಕನ್ನಡದಲ್ಲೇ ಹೇಳಲು ಕಲಿತಿದ್ದಳು.

ಒಮ್ಮೆ ಹೊರಗಿನಿಂದ ಬಂದಿದ್ದ ಹೆಸರಾಂತ ವೈದ್ಯರೊಬ್ಬರು ನೀರಿನ ಓಟ ಕೆಟ್ಟರೂ ಮುಂದುವರಿಯಬೇಕೆಂದು ಹಟ ಹಿಡಿದರು. ಮರುದಿನ ಅವರಿಗೆ ವಿಮಾನ. ಆಪಾ ವಾದ ಮಾಡಲಿಲ್ಲ. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವರಂತೆ ಕೂತುಬಿಟ್ಟರು. ಸಂಜೆಯ ತನಕ ಏಳಲಿಲ್ಲ. ಸಭೆಯಲ್ಲಿ ಪ್ರೊಫೆಸರು ಅವರ ಧೈರ್ಯಕ್ಕೆ ಉದಾಹರಣೆಯಾಗಿ ಹೇಳಿದ್ದು ಇದನ್ನೇ. ಅವತ್ತು ಆ ವೈದ್ಯರು ಹೋದ ಮೇಲೆ ಆಪಾ ನನ್ನ ಕೈಗೆ ತಮ್ಮ ಕೈ ಕೊಟ್ಟಿದ್ದರು. ಅಂಗೈ ಒದ್ದೆಯಾಗಿತ್ತು, ತಣ್ಣಗಿತ್ತು.

"ಅಲ್ಲಾ, ಎಷ್ಟು ಹೆದರಿಕಿ ಆತು ಗೊತ್ತೇನು. ಕಾಲು ನಡುಗಾಕತ್ತಿದ್ವು, ಅದಕ್ಕ ಕುಂತೆ."

ಪ್ರವಾಸದ ಮಾತು ಶುರುವಾಗಿದ್ದು ಒಂದು ಕ್ಯಾಲೆಂಡರಿನಿಂದ. ಈಕ್ವಡಾರಿನ ವಿದ್ಯಾರ್ಥಿನಿಯೊಬ್ಬಳು ಊರಿಗೆ ಮರಳಿದವಳು ಅಲ್ಲಿಂದ ಕಳಿಸಿದ್ದಳು. ತಿಂಗಳಿಗೊಂದು ಚಿತ್ರ, ಎಲ್ಲವೂ ಆಂಡಿಸ್ ಬೆಟ್ಟಗಳ ನಡುವಿನ ಅವಳ ಸೀಮೆಯವು. ಒಂದರಲ್ಲಿ ಸತ್ತ ಜ್ವಾಲಾಮುಖಿಯ ಬಾಯೊಳಗೆ ನಿಂತ ಕಡುಹಸಿರು ಸರೋವರ, ನಡುವೆ ಎರಡು ನಡುಗಡ್ಡೆ. ಇನ್ನೊಂದರಲ್ಲಿ ಮಗ್ಗದ ಮುಂದೆ ಕೂತ ಮುದುಕ. ಕೆಳಗೆ ಊರುಗಳ ಹೆಸರು: ಒಟವಾಲೊದಲ್ಲಿ ನೇಯ್ಗೆ, ಕೊಟಕಾಚಿಯಲ್ಲಿ ಚರ್ಮದ ಕೆಲಸ, ಅದರಾಚೆಯ ಊರಿನಲ್ಲಿ ಮರದ ಕೆತ್ತನೆ. ಎಲ್ಲ ಒಂದಕ್ಕೊಂದು ಹತ್ತಿರ. ರಾಜಧಾನಿ ಕೀಟೊದಲ್ಲಿ ಇಳಿದು ಬಾಡಿಗೆ ಕಾರು ಹಿಡಿದರೆ ನಾಲ್ಕು ದಿನದಲ್ಲಿ ಸರೋವರಗಳನ್ನೂ ಊರುಗಳನ್ನೂ ನೋಡಿ ಬರಬಹುದು.

"ನಮ್ಮ ಕಡೆನೂ ಹಿಂಗ ಅಲ್ಲೇನು? ಇಳಕಲ್ಲಿಗೆ ಸೀರಿ, ಗುಳೇದಗುಡ್ಡಕ್ಕ ಖಣ, ಕಿನ್ನಾಳಕ್ಕ ಗೊಂಬಿ. ಒಂದ ಊರು, ಒಂದ ಕೆಲಸ. ಅಲ್ಲೆ ಇದ್ದಾಗ ಒಂದೂ ನೋಡಲಿಲ್ಲ ನಾನು."

"ಹಾಗಾದ್ರೆ ಇಳಕಲ್ಲಿಗೇ ಹೋಗಿ ಬನ್ನಿ ಆಪಾ."

"ಹುಬ್ಬಳ್ಳಿಗೆ ಹೋದ್ರ ನಮ್ಮ ತಂಗಿ ಊಟಕ್ಕ ಕುಂದ್ರಸ್ತಾಳ. ಏಳಾಕ ಬಿಡೂದಿಲ್ಲ. ಈ ಚಿತ್ರದಾಗಿನ ಊರಾಗ ನಂಗ ಯಾರೂ ಬಳಗ ಇಲ್ಲ, ಆರಾಮ ನೋಡಬಹುದು. ನೀ ಗಾಡಿ ಹೊಡಿ."

ನಾನು ನಕ್ಕೆ. ಅವರು ನಗಲಿಲ್ಲ. ಆಪಾ ಎಂದೂ ಫ್ರೀವೇ ಮೇಲೆ ಕಾರು ಓಡಿಸಿದವರಲ್ಲ. ಗಂಡ ಇದ್ದಷ್ಟು ಕಾಲ ಆ ಕೆಲಸ ಅವರದಾಗಿತ್ತು. ಆಮೇಲೆ ಗ್ರಾಸರಿ, ಲ್ಯಾಬು, ಮಸೀದಿ, ಇಷ್ಟಕ್ಕೆ ಒಳರಸ್ತೆ ಸಾಕಾಗಿತ್ತು. ನನಗೆ ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತಷ್ಟೇ. ಫ್ರೀವೇಗೆ ಸೇರಿಕೊಳ್ಳುವ ಇಳಿಜಾರಿನಲ್ಲಿ ಇವತ್ತಿಗೂ ಹಿಂದಿನವರು ಹಾರ್ನ್ ಹೊಡೆಯುವಷ್ಟು ನಿಧಾನ ಮಾಡುತ್ತೇನೆ. ಅದನ್ನು ಅವರಿಗೆ ಹೇಳಿದೆ. ಲ್ಯಾಬಿನಲ್ಲಿ ಬೆಟ್ಟ ಹತ್ತುವ, ಬೈಕ್ ಓಡಿಸುವ ಹುಡುಗರು ಬೇಕಾದಷ್ಟು ಇದ್ದಾರೆ, ಅವರನ್ನು ಕೇಳಿ ಎಂದೆ.

"ಧೈರ್ಯದವರ ಕೂಡ ನಾ ಎಲ್ಲೂ ಹೋಗೂದಿಲ್ಲ. ಬ್ರೇಕ್ ಎಲ್ಲೈತಿ ಅಂತ ಅವರಿಗೆ ನೆನಪ ಇರೂದಿಲ್ಲ. ನೀ ಹೆದರ್ತಿ. ಅದಕ್ಕ ನಿನ್ನ ಕೇಳಾಕತ್ತೇನಿ."

ಹೀಗೆ ನೀರಿನ ಓಟ ಶುರುವಾಯಿತು. ಆಂಡಿಸ್ ದಾರಿಯ ಒಂದೊಂದು ತುಂಡಿಗೂ ಆಪಾ ಇಲ್ಲಿಯ ಒಂದೊಂದು ರಸ್ತೆಯನ್ನು ಗೊತ್ತುಮಾಡಿದರು. ಬಿಗಿ ತಿರುವುಗಳಿಗೆ ಬರ್ಕ್ಲಿಯ ನೆತ್ತಿಯ ಮೇಲಿನ ಗ್ರಿಜ್ಲಿ ಪೀಕ್ ರಸ್ತೆ. ಉದ್ದನೆಯ ಏರಿಗೆ ಸ್ಯಾನ್ ಹೊಸೆಯ ಹಿಂದಿನ ಮೌಂಟ್ ಹ್ಯಾಮಿಲ್ಟನ್. ನೀರಿನ ಅಂಚಿಗೇ ಸಾಗುವ ದಾರಿಗೆ ಮಾರ್ಗನ್ ಹಿಲ್ ಪಕ್ಕದ ಜಲಾಶಯ. ಒಟವಾಲೊ ಹತ್ತಿರ ಸ್ಯಾನ್ ಪಾಬ್ಲೊ ಎಂಬ ಸರೋವರವಿದೆ ಎಂದು ತಿಳಿದ ದಿನ ಅವರ ಸಂತೋಷ ಹೇಳತೀರದು. ಅವರ ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿ ನಮ್ಮದೂ ಒಂದು ಸ್ಯಾನ್ ಪಾಬ್ಲೊ ಜಲಾಶಯ ಇದೆ. "ಅರ್ಧಾ ಟ್ರಿಪ್ ಮುಗದಂಗ ಆತು" ಎಂದರು.

ಶನಿವಾರ ಬೆಳಿಗ್ಗೆ ನನ್ನ ಹಳೆಯ ಕಾರಿನಲ್ಲಿ ಹೊರಡುತ್ತಿದ್ದೆವು. ಅವರು ಪಕ್ಕದಲ್ಲಿ ಕೂತು ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು, ಆದರೆ ಬೈಯುತ್ತಿರಲಿಲ್ಲ. ಕಣಿವೆಯ ಕಡೆ ಕಾರು ಸರಿದಾಗ ಉಸಿರು ಒಳಗೆಳೆದುಕೊಂಡು "ನಾ ಇಲ್ಲೇ ಅದೇನಿ" ಎನ್ನುತ್ತಿದ್ದರು. ನನಗೆ ಹೇಳುತ್ತಿದ್ದರೋ ತಮಗೆ ಹೇಳಿಕೊಳ್ಳುತ್ತಿದ್ದರೋ ತಿಳಿಯುತ್ತಿರಲಿಲ್ಲ. ಮೂರನೆಯ ಶನಿವಾರದ ಹೊತ್ತಿಗೆ ನನ್ನ ಕೈ ಸ್ಟೀರಿಂಗನ್ನು ಹಿಂಡುವುದು ಕಡಿಮೆಯಾಯಿತು. ಹೆದರಿಕೆ ಹೋಗಲಿಲ್ಲ, ಅದು ಹಿಂದಿನ ಸೀಟಿಗೆ ಹೋಗಿ ಕೂತಿತು.

ಸಂತೆಯ ಓಟವನ್ನೂ ಮಾಡಿದೆವು, ಸ್ಯಾನ್ ಹೊಸೆಯ ಒಂದು ಹಳೆ ಸಾಮಾನಿನ ಸಂತೆಯಲ್ಲಿ. ಆಪಾ ಫೋನ್ ನೋಡಿಕೊಂಡು ಸ್ಪ್ಯಾನಿಷ್ ಕಲಿಯುತ್ತಿದ್ದರು. ಆದರೆ ಅವರು ಕಲಿತದ್ದೆಲ್ಲ ಆಪತ್ತಿನ ವಾಕ್ಯಗಳು: ಆಸ್ಪತ್ರೆ ಎಲ್ಲಿದೆ, ಗಾಡಿ ನಿಲ್ಲಿಸಿ, ನನ್ನ ಪಾಸ್‌ಪೋರ್ಟ್ ಕಳೆದಿದೆ. ಬೆಲೆ ಕೇಳುವ ವಾಕ್ಯ ಒಂದೂ ಬರುತ್ತಿರಲಿಲ್ಲ. ಕಂಬಳಿ ಮಾರುತ್ತಿದ್ದ ಮೆಕ್ಸಿಕೋದ ಹೆಂಗಸಿನ ಮುಂದೆ ನಿಂತು, ಉಚ್ಚಾರ ಸರಿ ಇದೆಯೋ ನೋಡೋಣ ಎಂದು, 'ನನಗೆ ಉಸಿರಾಡಲು ಆಗುತ್ತಿಲ್ಲ' ಎಂಬುದನ್ನು ಸ್ಪಷ್ಟವಾಗಿ ಹೇಳಿದರು. ಆಕೆ ಕಂಬಳಿ ಬಿಸಾಕಿ ಕುರ್ಚಿ ತಂದಳು, ನೀರು ತಂದಳು, ಮಗನನ್ನು ಕೂಗಿದಳು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಆಪಾ ಕುರ್ಚಿಯ ಮೇಲೆ ಆರಾಮವಾಗಿ ಕೂತು ನೀರು ಕುಡಿದರು.

"ಪಾಸ್ ಆದೆ ನೋಡು" ಎಂದರು ನನಗೆ. ಕಂಬಳಿಯನ್ನೂ ಕೊಂಡರು, ಚೌಕಾಸಿ ಮಾಡದೆ.

ಟಿಕೆಟ್ ಆಯಿತು. ಅಕ್ಟೋಬರ್ ಕೊನೆಗೆ ಹೊರಡುವುದು. ಆ ಹೊತ್ತಿಗೆ ನನಗೂ ಒಳಗೊಳಗೇ ಆಸೆ ಹುಟ್ಟಿತ್ತು. ಆ ಹಸಿರು ನೀರು ಎದುರಿಗೆ ಬಂದಾಗ ಆಪಾ ಏನು ಹೇಳುತ್ತಾರೆ ಎಂದು ಕೇಳುವ ಆಸೆ.

ತಪ್ಪು ಕಂಡದ್ದು ನನಗೆ. ಒಂದು ಮಧ್ಯಾಹ್ನ ನಕ್ಷೆಯಲ್ಲಿ ದಾರಿ ನೋಡುತ್ತಿದ್ದವಳು ಊರುಗಳ ಹೆಸರಿನ ಪಕ್ಕದ ಸಣ್ಣ ಅಂಕಿಗಳನ್ನು ಓದಿದೆ. ಎತ್ತರ. ಕೀಟೊ ಒಂಬತ್ತು ಸಾವಿರ ಅಡಿಗೂ ಮೇಲೆ. ಆ ಜ್ವಾಲಾಮುಖಿಯ ಸರೋವರ ಹತ್ತು ಸಾವಿರದಲ್ಲಿ. ನಾವು ಹತ್ತಿದ್ದ ಅತಿ ಎತ್ತರದ ಜಾಗ ಅದರ ಅರ್ಧವೂ ಇರಲಿಲ್ಲ. ತಿರುವು, ಏರು, ಸಂತೆ, ಭಾಷೆ ಎಲ್ಲವನ್ನೂ ಅಭ್ಯಾಸ ಮಾಡಿದ್ದೆವು. ಪ್ರಯೋಗಾಲಯದಲ್ಲಿ ಬದುಕು ಕಳೆಯುವ ಇಬ್ಬರು ಹೆಂಗಸರು ಗಾಳಿಯನ್ನು ಮರೆತಿದ್ದೆವು.

ಆಪಾಗೆ ಹೇಳಿದೆ. ಆ ಬೇಸಿಗೆಯಿಂದ ಅವರಿಗೆ ಒಣಕೆಮ್ಮು ಇತ್ತು. ಕಾಳ್ಗಿಚ್ಚಿನ ಹೊಗೆ ಎನ್ನುತ್ತಿದ್ದರು. ಆ ತಿಂಗಳು ಇಲ್ಲಿ ಅರ್ಧ ಜನ ಕೆಮ್ಮುತ್ತಿದ್ದುದರಿಂದ ನಾನೂ ನಂಬಿದ್ದೆ.

"ಛಲೋ ಹಿಡದಿ. ಹಂಗಾದ್ರ ಇನ್ನೊಂದು ಓಟ" ಎಂದರು.

ಸೆಪ್ಟೆಂಬರಿನ ಕೊನೆಯ ಶನಿವಾರ ಸಿಯೆರಾ ಪರ್ವತಗಳ ಟಯೋಗಾ ಘಾಟಿಗೆ ಹೊರಟೆವು. ಘಾಟಿಯ ತುದಿ ಹತ್ತು ಸಾವಿರ ಅಡಿಯ ಹತ್ತಿರ. ಆಪಾ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಅಳೆಯುವ ಕ್ಲಿಪ್ ತಂದಿದ್ದರು, ಕೋವಿಡ್ ಕಾಲದ್ದು. ಕಾರು ಏರತೊಡಗಿದಂತೆ ಅದರ ಅಂಕಿಯನ್ನು ನನಗೆ ಓದಿ ಹೇಳುತ್ತಿದ್ದರು, ಯಂತ್ರದ ಮುಂದೆ ಕೂತು ವಿದ್ಯಾರ್ಥಿಗೆ ಬರೆಸುವ ದನಿಯಲ್ಲಿ. ತೊಂಬತ್ಮೂರು. ತೊಂಬತ್ತು. ಪೈನ್ ಮರ ಕಡಿಮೆಯಾಗಿ ಬಿಳಿ ಬಂಡೆ ಶುರುವಾಯಿತು. ಎಂಬತ್ತಾರು.

ಆಮೇಲೆ ಓದುವುದನ್ನು ನಿಲ್ಲಿಸಿದರು.

"ಎಷ್ಟು ಆಪಾ?"

"ರಸ್ತೆ ನೋಡು."

ಘಾಟಿಯ ತುದಿಯಲ್ಲಿ ಕಾರು ನಿಲ್ಲಿಸಿ ತಿರುಗಿ ನೋಡಿದೆ. ಕ್ಲಿಪ್ ಇದ್ದ ಕೈಯನ್ನು ಮುಷ್ಟಿ ಕಟ್ಟಿ ಶಾಲಿನೊಳಗೆ ಇಟ್ಟುಕೊಂಡಿದ್ದರು. ತುಟಿಯ ಬಣ್ಣ ನೇರಳೆಯಾಗಿತ್ತು. ಕತ್ತಿನ ಬುಡದಲ್ಲಿ ಚರ್ಮ ಒಳಗೆ ಹೋಗಿ ಬರುತ್ತಿತ್ತು. ನಾನು ಆ ಕೈಯನ್ನು ಹೊರಗೆಳೆದು ಅಂಕಿ ನೋಡಿದೆ. ಬರೆಯಲು ಈಗಲೂ ಮನಸ್ಸಾಗುವುದಿಲ್ಲ. ಏನೋ ಹೇಳಲು ಬಾಯಿ ತೆರೆದರು. ಕನ್ನಡವೂ ಬರಲಿಲ್ಲ, ಕಲಿತ ಸ್ಪ್ಯಾನಿಷೂ ಬರಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ಘಾಟಿಯ ತುದಿಯ ಕಾವಲುಗಾರರ ಗೂಡು ಮುಚ್ಚಿತ್ತು. ಬಂದ ದಾರಿಯಲ್ಲಿ ಹಿಂದಿರುಗಿದರೆ ಒಂದು ಗಂಟೆಗೂ ಮಿಕ್ಕಿ ಎತ್ತರದಲ್ಲೇ ಸಾಗಬೇಕು. ಮುಂದಿನ ಪೂರ್ವದ ಇಳಿಜಾರು ಇಪ್ಪತ್ತೇ ನಿಮಿಷದಲ್ಲಿ ಸಾವಿರಾರು ಅಡಿ ಇಳಿಯುತ್ತದೆ. ಆದರೆ ಆ ರಸ್ತೆಯನ್ನು ನಾನು ವೀಡಿಯೋದಲ್ಲಿ ನೋಡಿ, ಈ ಕಡೆ ಮಾತ್ರ ಇಳಿಯುವುದು ಬೇಡ ಎಂದು ಮೊದಲೇ ಹೇಳಿದ್ದೆ. ಬಂಡೆಯನ್ನು ಕೆತ್ತಿ ಮಾಡಿದ ದಾರಿ. ಬಲಕ್ಕೆ ತಡೆಗೋಡೆಯಿಲ್ಲ, ಬಿಳಿ ಗೆರೆ ಮುಗಿದಲ್ಲಿ ಬರಿ ಗಾಳಿ.

ಪೂರ್ವಕ್ಕೇ ಇಳಿದೆ.

ಆ ಇಳಿಜಾರಿನ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಮೊದಲ ಗೇರಿಗೆ ಹಾಕಿದ್ದು, ಎಂಜಿನ್ ಅರಚಿದ್ದು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದದ್ದು. ಪಕ್ಕದಿಂದ ಬರುತ್ತಿದ್ದ ಆ ಉಸಿರಿನ ಸದ್ದು, ಯಾರೋ ಬಟ್ಟೆ ಹರಿಯುತ್ತಿರುವಂತೆ. ಅದು ನಿಂತರೆ ನನಗೆ ಗೊತ್ತಾಗುತ್ತದೆ, ಮತ್ತು ಗೊತ್ತಾಗುವವಳು ಈ ಬೆಟ್ಟದಲ್ಲಿ ನಾನೊಬ್ಬಳೇ. ಕಣಿವೆಗಿಂತ ಹೆಚ್ಚಾಗಿ ಹೆದರಿದ್ದು ಅದಕ್ಕೆ. ಆ ಸದ್ದನ್ನು ಕೇಳಲಾರದೆ ನಾನು ಮಾತಾಡತೊಡಗಿದೆ. ನನ್ನ ಬಗ್ಗೆ ಯಾರಿಗೂ ಏನೂ ಹೇಳದವಳು ನಾನು. ಅವತ್ತು ಒಂದೊಂದು ತಿರುವಿಗೂ ಒಂದೊಂದು ವಿಷಯ ಹೇಳಿದೆ: ಮನೆಯದು, ಅಮ್ಮನದು, ಮುರಿದುಹೋದ ಮದುವೆಯ ಮಾತಿನದು. ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆಟ್ಟ ಮುಗಿದಾಗ ಎದುರಿಗೆ ದೊಡ್ಡ ಉಪ್ಪುನೀರಿನ ಸರೋವರ, ಒಂದು ಪೆಟ್ರೋಲ್ ಬಂಕು. ಕಾರು ನಿಲ್ಲಿಸಿದೆ. ತುಟಿ ಮತ್ತೆ ತುಟಿಯ ಬಣ್ಣಕ್ಕೆ ಬರುತ್ತಿತ್ತು. ಆಪಾ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಎಷ್ಟು ಮಾತಾಡ್ತೀಯವಾ" ಎಂದರು.

ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಬಂಕಿನವರು ಆಂಬ್ಯುಲೆನ್ಸ್ ಕರೆಸಿದರು. ಮರುದಿನ ಆಕ್ಸಿಜನ್ ಸಿಲಿಂಡರನ್ನು ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡು, ಉತ್ತರಕ್ಕೆ ಸುತ್ತಿ, ತಗ್ಗಿನ ಇನ್ನೊಂದು ಘಾಟಿಯಿಂದ ಮನೆಗೆ ಬಂದೆವು.

ಕೆಮ್ಮು ಹೊಗೆಯದಾಗಿರಲಿಲ್ಲ. ಶ್ವಾಸಕೋಶ ಒಳಗಿನಿಂದ ನಿಧಾನವಾಗಿ ಗಟ್ಟಿಯಾಗುತ್ತಿತ್ತು. ನಿಲ್ಲಿಸುವ ಔಷಧಿ ಇಲ್ಲ, ಸ್ವಲ್ಪ ತಡ ಮಾಡುವ ಔಷಧಿ ಮಾತ್ರ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಡಾಕ್ಟರ್ ಎತ್ತರದ ಜಾಗ ಬೇಡವೇ ಬೇಡ ಎಂದರು. ಇದೆಲ್ಲ ಮುಗಿದು ಹತ್ತು ದಿನಕ್ಕೆ ಆಪಾ ಲ್ಯಾಬಿನ ಊಟದ ಕೋಣೆಯಲ್ಲಿ ರೊಟ್ಟಿ ಮುರಿಯುತ್ತ ಹೇಳಿದರು.

"ಟಿಕೆಟ್ ಕ್ಯಾನ್ಸಲ್ ಮಾಡಬ್ಯಾಡ. ಸಿಲಿಂಡರ್ ಅಲ್ಲೇ ಬಾಡಗಿಗೆ ಸಿಗ್ತೈತಂತ."

"ನಾನು ಗಾಡಿ ಓಡಿಸಲ್ಲ ಆಪಾ."

ತಲೆಯೆತ್ತಿದರು.

"ಯಾಕ?"

"ಓಡಿಸಲ್ಲ, ಅಷ್ಟೆ."

ಅಂದಿನಿಂದ ಒಂದು ವಾರ ಅವರು ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. 'ಪ್ಲೀಸ್' ಎಂದರು, 'ಥ್ಯಾಂಕ್ ಯೂ' ಎಂದರು. ಅದಕ್ಕಿಂತ ದೊಡ್ಡ ಶಿಕ್ಷೆ ಅವರ ಬಳಿ ಇರಲಿಲ್ಲ. ಆಮೇಲೆ ಜರ್ಮನಿಯ ಹುಡುಗಿಯಿಂದ ತಿಳಿಯಿತು: ಕೀಟೊದಲ್ಲೇ ಡ್ರೈವರ್ ಸಮೇತ ಕಾರು ಗೊತ್ತುಮಾಡಿದ್ದಾರೆ. ಒಬ್ಬರೇ ಹೋಗುತ್ತಾರೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಒಲ್ಲೆ ಎಂದದ್ದು ಅವರ ಜೀವ ಉಳಿಸಲೋ, ಅವರ ಪಕ್ಕದಲ್ಲಿ ನಾನೊಬ್ಬಳೇ ಇರುವ ಗಳಿಗೆಯಿಂದ ನನ್ನನ್ನು ಉಳಿಸಿಕೊಳ್ಳಲೋ? ಎರಡನೆಯದಾದರೆ ನಾನು ಮಾಡಿದ್ದು ಇಷ್ಟೇ: ಆ ಗಳಿಗೆಯನ್ನು ಹೆಸರು ಗೊತ್ತಿಲ್ಲದ ಒಬ್ಬ ಡ್ರೈವರಿಗೆ ಒಪ್ಪಿಸಿದ್ದು.

ಬೆಳಿಗ್ಗೆ ಎಲ್ ಸೆರಿಟೊಗೆ ಹೋದೆ. ಬಾಗಿಲು ತೆರೆದವರು ಒಳಗೆ ಬಾ ಎನ್ನಲಿಲ್ಲ. ಸೋಫಾದ ಮೇಲೆ ಅರ್ಧ ತುಂಬಿದ ಸೂಟ್‌ಕೇಸ್ ಇತ್ತು.

"ವಾಟ್ ಈಸ್ ಇಟ್?"

"ನೀರು ಹಾಕಿ ನೋಡಿದ್ವಿ ಆಪಾ" ಎಂದೆ. "ಫೇಲ್ ಆಯ್ತು. ಸ್ಯಾಂಪಲ್ ಹೊರಗೆ ತೆಗೆಯೋ ಹಾಗಿಲ್ಲ."

"ನನ್ನ ಮಾತು ನಂಗ ಹೇಳಾಕ ಬಂದಿಯೇನು?"

"ಹೌದು."

"ಅವತ್ತು ಲ್ಯಾಬಿಗೆ ಬಂದಿದ್ದ ಡಾಕ್ಟರಗ ಹೇಳಿದ್ದು ಮಂದೀ ರಕ್ತದ ಮಾತು. ಇದು ನನ್ನ ಜೀವ. ನಾ ಬೇಕಾದ್ದು ಮಾಡ್ತೇನಿ."

ನಾನು ಒಳಗೆ ನುಗ್ಗಿ ಸೂಟ್‌ಕೇಸನ್ನು ಪಕ್ಕಕ್ಕೆ ತಳ್ಳಿ ಸೋಫಾದ ಮೇಲೆ ಕೂತೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಏಳಲಿಲ್ಲ. ಅವರು ಒಳಗೆ ಹೋದರು, ಬಂದರು, ಮತ್ತೆ ಹೋದರು. ಚಹಾದ ವಾಸನೆ ಬಂತು. ನನಗೆ ಕೊಡಲಿಲ್ಲ. ಹೊರಗೆ ಮಂಜು ಕರಗಿ ಬಿಸಿಲು ಬಂತು.

"ಕೆಲಸಕ್ಕ ಹೋಗೂದಿಲ್ಲೇನು?"

"ಇಲ್ಲ."

"ಹಟಮಾರಿ. ಹಂಗಾದ್ರ ನಂಗ ಹೇಳು, ಯಾಕ ಬ್ಯಾಡ?"

"ನೀವು ಅಲ್ಲಿ ಸತ್ತರೆ ನಾನು ಏನು ಮಾಡಲಿ?"

ಹೇಳಿದ ಮೇಲೆ ತಿಳಿಯಿತು, ಎಂಥ ಮಾತು. ಆಪಾ ನನ್ನನ್ನು ದಿಟ್ಟಿಸಿದರು. ಆಮೇಲೆ ನಗತೊಡಗಿದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ಗೋಡೆ ಹಿಡಿದು ನಿಂತರು.

"ಸಾಯಾವಾಕಿ ನಾನು. ಚಿಂತಿ ನಿಂದು!"

ಇಬ್ಬರೂ ಸೇರಿ ಸೂಟ್‌ಕೇಸ್ ಖಾಲಿ ಮಾಡಿದೆವು. ನಾನು ಸರಿ ಮಾಡಿದೆ ಎಂದು ಅವರು ಎಂದೂ ಹೇಳಲಿಲ್ಲ. ಬದಲಿಗೆ ಸಮಯ ಸಿಕ್ಕಾಗಲೆಲ್ಲ ಕುಟುಕುತ್ತಿದ್ದರು. ಲಿಫ್ಟಿನ ಗುಂಡಿ ಒತ್ತುವ ಮುನ್ನ: "ಎರಡನೇ ಮಹಡಿ ನಡೀತೈತೇನು, ಎತ್ತರ ಆತೇನು?" ಆ ಸರೋವರವನ್ನು ನಾನೂ ನೋಡಿಲ್ಲ. ಹೋಗಿ ಅವರ ಪರವಾಗಿ ನೋಡಿ ಬಾ ಎಂದು ಲ್ಯಾಬಿನವರು ಹೇಳುತ್ತಾರೆ. ನನಗೆ ಹೋಗುವ ಮನಸ್ಸಿಲ್ಲ.

ನಿವೃತ್ತಿಯಾದ ಮೇಲೆ ಮೂಗಿಗೆ ಆಕ್ಸಿಜನ್ ನಳಿಕೆ ಬಂತು. ಈ ವಸಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಗೆ ಸೇರಿದರು. ಫ್ರೀಮಾಂಟಿನಲ್ಲಿದ್ದ ಅವರ ತಂಗಿಯ ಮಗಳು ದಿನವೂ ಬರುತ್ತಿದ್ದಳು. ನಾನು ಬರ್ಕ್ಲಿಯಿಂದ ರೈಲು ಹಿಡಿದು ಹೋಗುತ್ತಿದ್ದೆ, ಆಕೆ ಇರುವ ಹೊತ್ತು ನೋಡಿಕೊಂಡೇ. ಆಕೆ ಎದ್ದರೆ ನಾನೂ ಎದ್ದು ಜೊತೆಗೇ ಹೊರಡುತ್ತಿದ್ದೆ. ಆಪಾ ಅದನ್ನು ಗಮನಿಸಿರಲಿಲ್ಲ ಎಂದುಕೊಂಡಿದ್ದೆ.

ಕೊನೆಯ ದಿನ ಮಧ್ಯಾಹ್ನ ತಂಗಿಯ ಮಗಳಿಗೆ ಡೇಕೇರಿನಿಂದ ಕರೆ ಬಂತು, ಅವಳ ಮಗುವಿಗೆ ಜ್ವರ. ಆಕೆ ಅವಸರದಲ್ಲಿ ಕೀ ಎತ್ತಿಕೊಂಡು ಹೋದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಯಂತ್ರ ಗಾಳಿ ತಳ್ಳುತ್ತಿತ್ತು. ಆ ಉಸಿರಿನ ಸದ್ದು ನನಗೆ ಗೊತ್ತಿದ್ದದ್ದೇ.

ಆಪಾ ಕಣ್ಣು ಬಿಟ್ಟರು. ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದರು.

"ಹೆದರಿಕಿ ಆಗೇತೇನು?"

"ಹೂಂ."

"ನಂಗೂ" ಎಂದರು. "ಬಾ, ಕುಂದ್ರು."

ಚೀಲವನ್ನು ನೆಲಕ್ಕಿಟ್ಟೆ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಅವರ ಕೈ ಹಿಡಿದು ಕೂತೆ. ಆ ಸದ್ದು ನಿಲ್ಲುವ ತನಕ, ನಿಂತ ಮೇಲೂ, ನಾನು ಅಲ್ಲೇ ಇದ್ದೆ.